ಊರಿನ ತಟ್ಟೆ ಬ್ಯಾಂಕ್: ತೊಳೆಯೋ ಜಾಗ ಮೊದಲು, ತಟ್ಟೆ ಖರೀದಿ ಆಮೇಲೆ

ತಟ್ಟೆ ಬ್ಯಾಂಕ್ ಅಂದರೆ ಪ್ಲಾಸ್ಟಿಕ್, ಥರ್ಮಾಕೋಲ್ ತಟ್ಟೆಯ ಬದಲು ಮದುವೆ ಮನೆಗಳಿಗೆ ಬಾಡಿಗೆಗೆ ಕೊಟ್ಟು ವಾಪಸ್ ತಗೊಳ್ಳುವ, ಊರಿನದೇ ಸ್ಟೀಲ್ ತಟ್ಟೆ, ಲೋಟಗಳ ಸಂಗ್ರಹ. ಕೊಪ್ಪಳ, ಗಂಗಾವತಿ, ಕುಷ್ಟಗಿ ಕಡೆ ಹಳ್ಳಿಗಳಲ್ಲಿ ಇಂಥ ಬ್ಯಾಂಕ್ ಮಾಡಲು ಹೋಗಿ ಕೈಬಿಟ್ಟವರನ್ನು ಕೇಳಿ ನೋಡಿ. ಕಥೆ ಹೆಚ್ಚೂಕಡಿಮೆ ಒಂದೇ. ಯಾರೋ ದಾನಿಗಳು ಸ್ಟೀಲ್ ತಟ್ಟೆ ಕೊಡಿಸಿದರು. ಫೋಟೋ ಆಯ್ತು. ಎರಡು ಮೂರು ಮದುವೆ ಚೆನ್ನಾಗೇ ನಡೆದವು. ಆಮೇಲೆ ಒಂದು ರಾತ್ರಿ ಮುಸುರೆ ತಟ್ಟೆಯ ರಾಶಿ ಸಮುದಾಯ ಭವನದ ಹಿಂದೆ ಹಾಗೇ ಬಿತ್ತು. ಬೆಳಿಗ್ಗೆ ನೋಡಿದರೆ ನಾಯಿ ನೆಕ್ಕುತ್ತಿತ್ತು. ಮುಂದಿನ ಮದುವೆಗೆ ಮತ್ತೆ ಥರ್ಮಾಕೋಲ್ ತಟ್ಟೆಯೇ ಬಂತು.

ತಟ್ಟೆ ಸಾಲದೆ ನಿಂತ ಬ್ಯಾಂಕ್ ಕಡಿಮೆ. ನಿಲ್ಲೋದು ಎರಡೇ ಕಾರಣಕ್ಕೆ: ತೊಳೆಯೋರು ಯಾರು ಅಂತ ಮೊದಲೇ ಗೊತ್ತಾಗಿರಲಿಲ್ಲ, ಎಣಿಸೋರು ಯಾರು ಅಂತ ಆಮೇಲೂ ಗೊತ್ತಾಗಲಿಲ್ಲ. ಅದಕ್ಕೇ ಇಲ್ಲಿ ಹೇಳುವ ಕ್ರಮವನ್ನು ಹಿಂದೆಮುಂದೆ ಮಾಡಬೇಡಿ. ಖರೀದಿ ಐದನೇ ಹಂತ. ಅದಕ್ಕೂ ಮುಂಚೆ ದಾನಿಗಳು ಬಂದರೆ ಚಹಾ ಕುಡಿಸಿ, ಸ್ವಲ್ಪ ತಡೀರಿ ಅನ್ನಿ.

500ರಿಂದ 700 ಜನ ಉಣ್ಣುವ ಮದುವೆಗಳು ನಡೆಯುವ ಊರನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಮೊದಲ ಸಲವೇ ಕೊಪ್ಪಳದ ಗವಿಮಠದ ದೊಡ್ಡ ಜಾತ್ರೆಗೆ ತಟ್ಟೆ ಕೊಡುತ್ತೇವೆ ಅನ್ನುವ ಕನಸು ಬೇಡ. ಒಂದು ಓಣಿಯ ಸೀಮಂತಕ್ಕೆ ಕೊಟ್ಟು, ಸರಿಯಾಗಿ ವಾಪಸ್ ತನ್ನಿ. ಸದ್ಯಕ್ಕೆ ಅಷ್ಟು ಸಾಕು.

ಹಂತ 1: ಒಂದು ಮದುವೆಯ ಕಸ ಎಣಿಸಿ

ಊರಲ್ಲಿ ಮುಂದೆ ಬರುವ ಮದುವೆಯ ಕೊನೇ ಪಂಕ್ತಿ ಮುಗಿದ ಕೂಡಲೇ ಮೂರು ಜನ ಹೋಗಿ. ಬೇಕಾದದ್ದು ಇಷ್ಟೇ: ನಾಲ್ಕು ಖಾಲಿ ಗೊಬ್ಬರದ ಚೀಲ, ಕೈಗವಸು, ಒಂದು ನೋಟ್‌ಬುಕ್. ತಟ್ಟೆ ಒಂದು ಚೀಲಕ್ಕೆ, ಲೋಟ ಒಂದು ಚೀಲಕ್ಕೆ, ನೀರಿನ ಪಾಕೀಟು ಮತ್ತು ಬಾಟಲಿ ಇನ್ನೊಂದಕ್ಕೆ. ಮಿಕ್ಕಿದ್ದೆಲ್ಲ ನಾಲ್ಕನೆಯದಕ್ಕೆ. ಟೇಬಲ್ ಮೇಲೆ ಹಾಸುವ ತೆಳು ಪ್ಲಾಸ್ಟಿಕ್ ಹಾಳೆಯನ್ನು ಮರೆಯಬೇಡಿ.

ಬೆಳಿಗ್ಗೆ ಹೋದರಾಯ್ತು ಅಂದುಕೊಂಡರೆ ಲೆಕ್ಕ ಸಿಗೋದಿಲ್ಲ. ಅಷ್ಟರಲ್ಲಿ ದನಗಳು ಬಂದಿರುತ್ತವೆ. ಅನ್ನ ಮೆತ್ತಿದ ತಟ್ಟೆಯನ್ನು ದನ ತಟ್ಟೆ ಸಮೇತ ತಿನ್ನುತ್ತದೆ. ಅದು ಹೊಟ್ಟೆಯಲ್ಲಿ ಕರಗೋದಿಲ್ಲ, ಅಲ್ಲೇ ಗಂಟಾಗಿ ಕೂರುತ್ತದೆ.

ಎಣಿಸಿದರೆ ಒಂದು ವಿಷಯ ತಾನಾಗೇ ಕಾಣುತ್ತದೆ. ತಟ್ಟೆ ಒಬ್ಬರಿಗೆ ಒಂದೇ. ಲೋಟ ಹಾಗಲ್ಲ. ನೀರಿಗೊಂದು, ಮಜ್ಜಿಗೆಗೊಂದು, ಆಮೇಲೆ ಚಹಾಕ್ಕೊಂದು. ಹೆಚ್ಚಿನವರು ಬರೀ ತಟ್ಟೆಯ ಬಗ್ಗೆ ಯೋಚಿಸುತ್ತಾರೆ, ಲೋಟದ ರಾಶಿಯನ್ನು ನೋಡೋದೇ ಇಲ್ಲ. ನಿಮ್ಮ ಊರಿನಲ್ಲಿ ಒಂದು ತಟ್ಟೆಗೆ ಎಷ್ಟು ಲೋಟ ಬಿತ್ತು ಅಂತ ಬರೆದಿಡಿ. ಖರೀದಿಗೆ ಹೋದಾಗ ಆ ಲೆಕ್ಕ ಬೇಕಾಗುತ್ತದೆ.

ಹಂತ 2: ನೀರು, ನೆಲ, ಬೆಳಕು

ನಮ್ಮ ಕಡೆ ಮದುವೆಯ ಹಂಗಾಮು ಯುಗಾದಿ ಆದಮೇಲೆ ಜೋರಾಗುತ್ತದೆ. ಬಸವ ಜಯಂತಿಯ ಆಸುಪಾಸಿನಲ್ಲಿ ಸಾಮೂಹಿಕ ವಿವಾಹಗಳೂ ಸೇರುತ್ತವೆ. ಕಾಲುವೆಗೆ ನೀರು ನಿಲ್ಲೋದು, ಬೋರ್‌ವೆಲ್ ಕೈಕೊಡೋದು ಕೂಡ ಆಗಲೇ. ಜನವರಿಯಲ್ಲಿ ಜಾಗ ನೋಡಿ ನೀರು ಧಾರಾಳ ಇದೆ ಅಂತ ಖುಷಿಪಟ್ಟವರು ಮೇ ತಿಂಗಳಲ್ಲಿ ಕೊಡ ಹಿಡಿದು ಓಡಾಡುತ್ತಾರೆ.

ಆದ್ದರಿಂದ ಮೊದಲು ಅಳೆಯಿರಿ. ಮನೆಗಳಿಂದ 50 ತಟ್ಟೆ, 50 ಲೋಟ ಒಟ್ಟುಮಾಡಿ. ಅವುಗಳಲ್ಲೇ ಒಂದು ಸಣ್ಣ ಊಟ ಹಾಕಿ, ಟಬ್‌ಗಳಲ್ಲಿ ತೊಳೆಸಿ, ಎಷ್ಟು ಕೊಡ ನೀರು ಬೇಕಾಯ್ತು ನೋಡಿ. ಒಂದು ತಟ್ಟೆ, ಒಂದು ಲೋಟದ ಜೋಡಿಗೆ 2 ಲೀಟರ್ ಅಂತ ಹಿಡಿದರೂ 600 ಜನರಿಗೆ 1,200 ಲೀಟರ್ ಆಯ್ತು. ಭವನದ ಮೇಲಿನ 1,000 ಲೀಟರಿನ ಸಿಂಟೆಕ್ಸ್ ಟ್ಯಾಂಕು ಅಡುಗೆಗೇ ಖಾಲಿಯಾಗಿರುತ್ತದೆ. ತೊಳೆಯೋಕೆ ಬೇರೆ ನೀರು ಬೇಕು. ನಳದ ಕೆಳಗೆ ಒಂದೊಂದೇ ಹಿಡಿದು ತೊಳೆದರೆ ನೀರು ಇನ್ನೂ ಜಾಸ್ತಿ ಹೋಗುತ್ತದೆ. ಬೇಸಿಗೆಯ ಮದುವೆಗೆ ಟ್ರ್ಯಾಕ್ಟರ್ ಟ್ಯಾಂಕರಿನ ಬಾಡಿಗೆಯನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಕಾಲುವೆಗೋ ಹಳ್ಳಕ್ಕೋ ತಟ್ಟೆ ಹೊತ್ತುಕೊಂಡು ಹೋಗಿ ತೊಳೆಯುವ ಯೋಚನೆ ಮಾತ್ರ ಬೇಡ. ಕೆಳಗಿನ ಊರಿನವರು ಅದೇ ನೀರು ಕುಡಿಯುತ್ತಾರೆ.

ಇನ್ನು ಮುಸುರೆ ನೀರು ಎಲ್ಲಿಗೆ ಹೋಗಬೇಕು? ನರೇಗಾದಲ್ಲಿ ಎಷ್ಟೋ ಮನೆಗೆ ಬಚ್ಚಲು ಗುಂಡಿ ಆದವಲ್ಲ, ಹಾಗೆಯೇ ಇಲ್ಲೂ ಒಂದು ಇಂಗುಗುಂಡಿ ತೋಡಿದರಾಯ್ತು ಅನ್ನುತ್ತಾರೆ. ಮಸಾರಿ (ಕೆಂಪು ಮಣ್ಣಿನ) ನೆಲವಾದರೆ ಆದೀತು. ಎರೆ (ಕಪ್ಪು ಮಣ್ಣಿನ) ನೆಲವಾದರೆ ಆಗೋದಿಲ್ಲ. ಎರೆ ಮಣ್ಣು ನೀರು ಕುಡಿದು ಉಬ್ಬಿ ಬಾಯಿ ಮುಚ್ಚಿಕೊಳ್ಳುತ್ತದೆ, ನೀರು ಮೇಲೇ ನಿಲ್ಲುತ್ತದೆ. ಪರೀಕ್ಷೆ ಸುಲಭ: ಮೊಳದುದ್ದದ ಗುಂಡಿ ತೋಡಿ, ಎರಡು ಕೊಡ ನೀರು ಸುರಿದು, ಒಂದು ತಾಸು ಬಿಟ್ಟು ಬಂದು ನೋಡಿ. ನೀರು ಹಾಗೇ ಇದ್ದರೆ ಆ ಜಾಗದಲ್ಲಿ ಗುಂಡಿ ಬೇಡ. ಉದ್ದಕ್ಕೆ ಕಾಲುವೆ ತೆಗೆದು ಎರಡೂ ಬದಿಗೆ ಬಾಳೆ, ಕೆಸು, ಕಾಬಾಳೆ ಹಾಕಿ ನೀರನ್ನು ಅಲ್ಲಿಗೆ ಹರಿಸಿ. ನೀರು ಹೊರಗೆ ಹೋಗುವ ಬಾಯಿಗೆ ಒಂದು ಜರಡಿ ಕಟ್ಟಿ. ಅನ್ನದ ಅಗುಳು ಒಳಗೆ ಹೋದರೆ ಮೂರೇ ದಿನಕ್ಕೆ ನಾರುತ್ತದೆ, ಸೊಳ್ಳೆ ಬರುತ್ತವೆ. ಆಮೇಲೆ ಪಕ್ಕದ ಮನೆಯವರು ಜಗಳಕ್ಕೆ ಬರುತ್ತಾರೆ. ಅವರು ಬರೋದು ನ್ಯಾಯವೇ.

ಬೆಳಕು ಅಂದೆ. ತೊಳೆಯುವ ಕೆಲಸ ಕತ್ತಲಾದ ಮೇಲೂ ನಡೆಯುತ್ತದೆ. ಒಂದು ಒಳ್ಳೇ ಬಲ್ಬ್, ಕೂರಲು ಮಣೆ ಅಥವಾ ಸೊಂಟದೆತ್ತರದ ಕಟ್ಟೆ, ಮೇಲೆ ತಗಡು. ಇದಿಲ್ಲದೆ ಯಾರನ್ನಾದರೂ ತೊಳೆಯೋಕೆ ಕರೆದರೆ ಒಂದು ಸಲ ಬರುತ್ತಾರೆ, ಎರಡನೇ ಸಲ ಫೋನ್ ಎತ್ತೋದಿಲ್ಲ.

ಹಂತ 3: ತೊಳೆಯೋರು ಮತ್ತು ಕೂಲಿ

"ನಮ್ಮ ಸಂಘದವರೇ ಸೇವೆ ಅಂತ ಮಾಡ್ತಾರೆ ಬಿಡ್ರಿ" ಅಂತ ಸಭೆಯಲ್ಲಿ ಒಬ್ಬರಾದರೂ ಹೇಳುತ್ತಾರೆ. ಹಾಗೆ ಹೇಳುವವರು ಯಾವತ್ತೂ ತೊಳೆಯುವವರಲ್ಲ, ಅಲ್ವಾ? ಬಿಟ್ಟಿ ಕೆಲಸದ ಮೇಲೆ ನಿಂತ ಬ್ಯಾಂಕ್ ಒಂದು ಹಂಗಾಮು ದಾಟೋದಿಲ್ಲ. ಅದಕ್ಕಿಂತ ಕೆಟ್ಟದ್ದೆಂದರೆ, ಆ ಕೆಲಸ ಯಾರ ಮೇಲೆ ಬೀಳುತ್ತದೆ ಅನ್ನೋದು ನಮಗೆಲ್ಲ ಗೊತ್ತಿರುವ ವಿಷಯ. ಊರಿನ ಎಂಜಲು ತಟ್ಟೆಯನ್ನು ಒಂದೇ ಓಣಿಯ ಹೆಣ್ಣುಮಕ್ಕಳು ತೊಳೆಯಬೇಕು ಅಂತಾದರೆ ಪ್ಲಾಸ್ಟಿಕ್ ಹೋಗಿ ಇನ್ನೊಂದು ಹೊಲಸು ಬಂದಂತೆ.

ಕೂಲಿಯನ್ನು ದಿನಕ್ಕಿಷ್ಟು ಅಂತ ಇಡಬೇಡಿ. ನೂರು ತಟ್ಟೆಗೆ ಇಷ್ಟು, ನೂರು ಲೋಟಕ್ಕೆ ಇಷ್ಟು ಅಂತ ಇಡಿ. ಮದುವೆ ದೊಡ್ಡದಾದರೆ ಕೂಲಿಯೂ ದೊಡ್ಡದಾಗಲಿ. ಕೆಲಸ ಮುಗಿದ ರಾತ್ರಿಯೇ ಕೈಗೆ ಕೊಡಿ. ತೊಳೆಯುವ ಸರದಿಯನ್ನು ಬೇರೆ ಬೇರೆ ಓಣಿಯ ಸ್ತ್ರೀಶಕ್ತಿ ಸಂಘಗಳಿಗೆ ಹಂಚಿ. ಗಂಡಸರ ಹೆಸರೂ ಸರದಿ ಪಟ್ಟಿಯಲ್ಲಿ ಇರಲಿ. ಪಂಚಾಯಿತಿ ಮಟ್ಟದ ಸಂಜೀವಿನಿ ಒಕ್ಕೂಟ (ಮಹಿಳಾ ಸ್ವಸಹಾಯ ಸಂಘಗಳ ಒಕ್ಕೂಟ) ಚುರುಕಾಗಿದ್ದರೆ ಬ್ಯಾಂಕಿನ ಹೊಣೆಯನ್ನು ಒಕ್ಕೂಟಕ್ಕೇ ವಹಿಸೋದು ಒಳ್ಳೇದು. ಅವರಿಗೆ ಪುಸ್ತಕ ಬರೆಯೋದು, ಬ್ಯಾಂಕ್ ಖಾತೆ ನೋಡಿಕೊಳ್ಳೋದು ಆಗಲೇ ರೂಢಿ ಇರುತ್ತದೆ.

ಒಂದು ಪಾಳಿಗೆ ಐದು ಜನ ಬೇಕು. ಒಬ್ಬರು ಅನ್ನ ಬಳಿದು ಹಾಕೋಕೆ, ಇಬ್ಬರು ಉಜ್ಜೋಕೆ, ಒಬ್ಬರು ಜಾಲಾಡಿಸೋಕೆ, ಒಬ್ಬರು ಒಣಗಿಸಿ ಎಣಿಸೋಕೆ. ಎಣಿಸುವವರನ್ನು ಬೇರೆ ಕೆಲಸಕ್ಕೆ ಎಳೆಯಬೇಡಿ.

ಹಂತ 4: ನಿಯಮ ಗೋಡೆಗೆ ಬರೆಸಿ

ನಾಲ್ಕೇ ನಿಯಮ ಸಾಕು: ಬಾಡಿಗೆ, ಮುಂಗಡ, ಕಳೆದರೆ ದಂಡ, ವಾಪಸ್ ಕೊಡುವ ವೇಳೆ.

ಬಾಡಿಗೆ ಎಷ್ಟಿಡಬೇಕು ಅಂತ ಕೇಳುತ್ತಾರೆ. ನಿಮ್ಮೂರ ಕಿರಾಣಿ ಅಂಗಡಿಯಲ್ಲಿ ಒಂದು ಪೇಪರ್ ತಟ್ಟೆ, ಎರಡು ಲೋಟಕ್ಕೆ ಎಷ್ಟಾಗುತ್ತದೆ ನೋಡಿ. ತೊಳೆಯುವ ಕೂಲಿ, ಸೋಪು, ನೀರು ಎಲ್ಲ ಸೇರಿಸಿದ ನಿಮ್ಮ ದರ ಅದಕ್ಕಿಂತ ಸ್ವಲ್ಪವಾದರೂ ಕಡಿಮೆ ಇರಬೇಕು. ಪುಗಸಟ್ಟೆ ಕೊಡಬೇಡಿ. ಪುಗಸಟ್ಟೆ ತಟ್ಟೆಯನ್ನು ಯಾರೂ ಎಣಿಸೋದಿಲ್ಲ. ಬಡವರ ಮನೆ ಮದುವೆಗೆ ಬಾಡಿಗೆ ಬಿಡಿ, ಆದರೆ ಮುಂಗಡ ಬಿಡಬೇಡಿ.

ಈಗ ಕಷ್ಟದ ಮಾತು. ಎರಡು ತಕರಾರು ಬಂದೇ ಬರುತ್ತವೆ. ಒಂದು, "ಬಾಡೂಟ ಹಾಕಿದ ತಟ್ಟೆ ನಮ್ಮ ಮನಿಗೆ ಬ್ಯಾಡ." ಇನ್ನೊಂದು, ಬಾಯಿಬಿಟ್ಟು ಹೇಳದ ಮಾತು: ಆ ಓಣಿಯವರು ಉಂಡ ತಟ್ಟೆ ಬೇಡ. ಎರಡನ್ನೂ ಒಂದೇ ಅಂತ ತಿಳಿಯಬೇಡಿ, ಒಂದರ ಹಿಂದೆ ಇನ್ನೊಂದು ಅಡಗಿರಬಹುದು ಅನ್ನೋದನ್ನೂ ಮರೆಯಬೇಡಿ. ಮೊದಲನೆಯದಕ್ಕೆ ದಾರಿ ಇದೆ. ಕಂದೂರಿಗೆ, ದೇವರ ಬ್ಯಾಟಿಗೆ, ಅಂದರೆ ಬಾಡೂಟಕ್ಕೆ ಹೋಗುವ ತಟ್ಟೆಗೆ ಬೇರೆ ಗುರುತು ಹಾಕಿಸಿ, ಬೇರೆ ಕಟ್ಟಾಗಿಡಿ. ಗುರುತು ಊಟದ ಮೇಲೆ ಇರಬೇಕು, ಮನೆತನದ ಮೇಲೆ ಅಲ್ಲ. ಯಾವ ಓಣಿಯವರು ಸಿಹಿ ಊಟ ಹಾಕಿದರೂ ಸಸ್ಯಾಹಾರದ ಕಟ್ಟೇ ಹೋಗಬೇಕು. ಎರಡನೆಯದಕ್ಕೆ ದಾರಿ ಇಲ್ಲ, ಇರಬಾರದು. ಅಂಥವರಿಗೆ ತಟ್ಟೆ ಕೊಡೋದಿಲ್ಲ ಅಂತ ಮೊದಲ ಸಭೆಯಲ್ಲೇ ಹೇಳಿ, ನಡಾವಳಿಯಲ್ಲಿ ಬರೆಯಿಸಿ. ಓಣಿ ನೋಡಿ ತಟ್ಟೆ ಬೇರೆ ಮಾಡೋದು ಊರಿನ ನಿಯಮಕ್ಕೆ ಮಾತ್ರ ವಿರುದ್ಧವಲ್ಲ, ಅಸ್ಪೃಶ್ಯತೆ ತಡೆಯುವ ಕಾನೂನಿನ ಪ್ರಕಾರವೂ ಅಪರಾಧ. ಆಮೇಲೆ ನೋಡೋಣ ಅಂತ ಮುಂದೂಡಿದ ಊರುಗಳಲ್ಲಿ ಬ್ಯಾಂಕು ಸದ್ದಿಲ್ಲದೆ ಎರಡು ಭಾಗವಾಗಿಬಿಡುತ್ತದೆ.

ಹಂತ 5: ಈಗ ಖರೀದಿ

ಮೊದಲ ವರ್ಷಕ್ಕೆ 300 ತಟ್ಟೆ, 600 ಲೋಟ ಸಾಕು. ಹಂತ 1ರಲ್ಲಿ ನಿಮ್ಮ ಲೆಕ್ಕ ಬೇರೆ ಬಂದಿದ್ದರೆ ಅದನ್ನೇ ನಂಬಿ. 600 ಜನರ ಮದುವೆಗೆ ಊಟದ ನಡುವೆಯೇ ತೊಳೆದು ಎರಡನೇ ಸುತ್ತು ಕೊಡಬೇಕಾಗುತ್ತದೆ.

ನಮ್ಮ ಊಟಕ್ಕೆ ಅಗಲ ತಟ್ಟೆ ಬೇಕು. ಜೋಳದ ರೊಟ್ಟಿ, ಎಣ್ಣೆಗಾಯಿ, ಶೇಂಗಾ ಚಟ್ನಿ, ಮೇಲೆ ಹುಗ್ಗಿ. 12 ಇಂಚಿನ ಸಪಾಟು ತಟ್ಟೆ ನೋಡಿ, ಅಂಚು ಸುತ್ತಿರಲಿ. ಖಾನೆ ಖಾನೆ ಇರುವ ತಟ್ಟೆ ನೋಡಲು ಚೆಂದ, ಆದರೆ ರೊಟ್ಟಿ ಅದರಲ್ಲಿ ಕೂರೋದಿಲ್ಲ, ಮೂಲೆಯಲ್ಲಿ ಮೆತ್ತಿದ ಹುಗ್ಗಿ ಸುಲಭಕ್ಕೆ ಬಿಡೋದಿಲ್ಲ. ಒಂದರೊಳಗೊಂದು ಬಿಗಿಯಾಗಿ ಸಿಕ್ಕಿಕೊಳ್ಳುವ ಲೋಟವನ್ನೂ ತರಬೇಡಿ. ಹತ್ತು ಲೋಟ ಜೋಡಿಸಿ ತಿರುಗಿಸಿ ನೋಡಿ, ಸಲೀಸಾಗಿ ಬಿಡಿಬಿಡಿಯಾದರೆ ಸರಿ.

ಅಂಗಡಿಗೆ ಹೋಗುವಾಗ ಒಂದು ಅಯಸ್ಕಾಂತ ಜೇಬಿನಲ್ಲಿರಲಿ. ಗಟ್ಟಿಯಾಗಿ ಅಂಟಿಕೊಳ್ಳುವ ಸ್ಟೀಲ್ ಉಪ್ಪು ನೀರಿಗೆ ಬೇಗ ತುಕ್ಕು ಹಿಡಿಯೋ ಸಂಭವ ಜಾಸ್ತಿ. ಅಂಟದಿದ್ದ ಮಾತ್ರಕ್ಕೆ ಉತ್ತಮ ಅಂತಲೂ ಅಲ್ಲ, ಅಗ್ಗದ ಜಾತಿಗಳಲ್ಲೂ ಅಂಟದಿರುವವು ಇವೆ. ಆದ್ದರಿಂದ ದರ್ಜೆ 304 ಅಂತ ಬಿಲ್ಲಿನಲ್ಲೇ ಬರೆಸಿಕೊಳ್ಳಿ.

ಎಲ್ಲವೂ ಒಂದೇ ಅಂಗಡಿಯ, ಒಂದೇ ಅಳತೆಯ, ಒಂದೇ ಮಾದರಿಯವು ಆಗಿರಬೇಕು. ಈ ಮಾತಿನಲ್ಲಿ ರಾಜಿ ಮಾಡಿಕೊಳ್ಳಬೇಡಿ. ಹತ್ತು ಮನೆಯವರು ಹತ್ತು ನಮೂನೆಯ ತಟ್ಟೆ ದಾನ ಕೊಡುತ್ತೇವೆ ಅಂದರೆ, ದುಡ್ಡಾಗಿ ಕೊಡಿ ಅನ್ನಿ. ಕಾರಣ ಮುಂದಿನ ಹಂತದಲ್ಲಿದೆ.

ತಟ್ಟೆಯ ಹಿಂಬದಿಗೆ ಹೆಸರು ಕೊರೆಸಿ. ಪಾತ್ರೆ ಅಂಗಡಿಯಲ್ಲೇ ಕೊರೆದು ಕೊಡುತ್ತಾರೆ. ಊರಿನ ಹೆಸರು ಇರಲಿ, ದಾನಿಯ ಹೆಸರು ಬೇಡ. ದಾನಿಯ ಹೆಸರಿದ್ದರೆ ಅವರ ಬೀಗರ ಮನೆಯಲ್ಲಿ ಸಿಕ್ಕ ತಟ್ಟೆಯನ್ನು ವಾಪಸ್ ಕೇಳೋದು ಹೇಗೆ ಹೇಳಿ.

ಹಂತ 6: 25ರ ಕಟ್ಟು

ಇಡೀ ಬ್ಯಾಂಕು ನಿಂತಿರೋದು ಈ ಹಂತದ ಮೇಲೆ. 300 ತಟ್ಟೆಯನ್ನು ರಾತ್ರಿ ಹನ್ನೊಂದಕ್ಕೆ ಯಾರೂ ಎಣಿಸೋದಿಲ್ಲ. 12 ಕಟ್ಟನ್ನು ಯಾರಾದರೂ ಎಣಿಸುತ್ತಾರೆ.

25 ತಟ್ಟೆಗೆ ಒಂದು ಚೀಲ, 50 ಲೋಟಕ್ಕೆ ಒಂದು ಚೀಲ ಮಾಡಿ. ಚೀಲಕ್ಕೆ ಬಟ್ಟೆ ಹುಡುಕಬೇಕಿಲ್ಲ. ಬಳ್ಳಾರಿಯ ಜೀನ್ಸ್ ಹೊಲಿಯುವ ಘಟಕಗಳಲ್ಲಿ ಕತ್ತರಿಸಿ ಉಳಿದ ತುಂಡು ಸಿಗುತ್ತದೆ. ಊರಿನ ಟೈಲರ್ ಹತ್ತಿರ ಜೋಡಿಸಿ ಹೊಲಿಸಿದರೆ ತಟ್ಟೆಯ ಅಂಚಿಗೆ ಹರಿಯದ ಗಟ್ಟಿ ಚೀಲ ಆಗುತ್ತದೆ. ಬಿಳಿ ಬಣ್ಣದಲ್ಲಿ ದೊಡ್ಡದಾಗಿ ನಂಬರ್ ಬರೆಸಿ. 1ನೇ ಚೀಲದ ತಟ್ಟೆ 1ನೇ ಚೀಲಕ್ಕೇ ಹೋಗಬೇಕು ಅಂತೇನಿಲ್ಲ, ಪ್ರತಿ ಚೀಲದಲ್ಲೂ 25 ಇದ್ದರೆ ಸಾಕು.

ಈಗ ಅಳತೆ ಕೋಲು. ಒಂದೇ ಮಾದರಿಯ 25 ತಟ್ಟೆ ಒಂದರ ಮೇಲೊಂದು ಕೂತಾಗ ಎತ್ತರ ಪ್ರತಿ ಸಲವೂ ಒಂದೇ ಬರುತ್ತದೆ. ಒಂದು ಮರದ ಪಟ್ಟಿಯನ್ನು ಪಕ್ಕಕ್ಕೆ ನಿಲ್ಲಿಸಿ ಆ ಎತ್ತರಕ್ಕೆ ಬ್ಲೇಡಿನಿಂದ ಗೀರು ಹಾಕಿ. ಇನ್ನು ಮೇಲೆ ಎಣಿಸೋದೇ ಬೇಡ. ರಾಶಿಯ ಪಕ್ಕ ಕೋಲು ಇಟ್ಟು ಕಣ್ಣು ಗೀರಿನ ಮಟ್ಟಕ್ಕೆ ತಂದರೆ ಒಂದು ತಟ್ಟೆ ಕಡಿಮೆ ಇದ್ದರೂ ತಿಳಿಯುತ್ತದೆ. ಗೀರಿಗಿಂತ ಮೇಲೆ ಬಂದರೆ ತಟ್ಟೆ ಜಾಸ್ತಿ ಆಗಿದೆ ಅಂತಲೇ ಅಲ್ಲ, ಎಲ್ಲೋ ಒಂದು ತಟ್ಟೆ ಸೊಟ್ಟಗಾಗಿರಬಹುದು ಅಥವಾ ನಡುವೆ ಅನ್ನ ಒಣಗಿ ಕೂತಿರಬಹುದು. ದಾನದ ಬೆರಕೆ ತಟ್ಟೆ ಬೇಡ ಅಂದಿದ್ದು ಇದಕ್ಕೇ. ಒಂದೇ ಒಂದು ಬೇರೆ ಮಾದರಿಯದು ಸೇರಿದರೂ ಕೋಲು ಸುಳ್ಳು ಹೇಳುತ್ತದೆ.

ಪುಸ್ತಕದಲ್ಲಿ ಇಷ್ಟಿರಲಿ: ಯಾರು, ಯಾವ ದಿನ, ಎಷ್ಟು ಕಟ್ಟು ಹೋಯ್ತು, ಎಷ್ಟು ಬಂತು, ಮುಂಗಡ, ಕಡಿತ, ಎರಡೂ ಕಡೆಯವರ ಸಹಿ. ಕೊಡುವಾಗಲೂ ತಗೊಳ್ಳುವಾಗಲೂ ಮದುವೆ ಮನೆಯವರೊಬ್ಬರು ಎದುರಿಗೇ ಇರಬೇಕು. "ನೀವೇ ಎಣಿಸಿಕೊಳ್ರಿ, ನಂಬಿಕೆ ಐತಿ" ಅಂದರೆ ಒಪ್ಪಬೇಡಿ. ನಂಬಿಕೆ ಇದೆ ಅಂದವರೇ ಮರುದಿನ ಜಗಳ ತೆಗೆಯೋದು.

ತಟ್ಟೆ ಕಳೆಯೋದು ಹೆಚ್ಚಾಗಿ ಮೂರು ದಾರಿಯಲ್ಲಿ. ಅನ್ನದ ಜೊತೆ ತಿಪ್ಪೆಗೆ ಬೀಳುತ್ತದೆ. ಬರಲಾಗದ ಅಜ್ಜಿಗೆ ಅಂತ ಮನೆಗೆ ಊಟ ಹಾಕಿಸಿಕೊಂಡು ಹೋದದ್ದು ಅಲ್ಲೇ ಉಳಿಯುತ್ತದೆ. ಅಡುಗೆಯವರ ಪಾತ್ರೆಯ ಜೊತೆ ಗಾಡಿ ಹತ್ತುತ್ತದೆ. ಲೋಟ ಎಲ್ಲಿಗೆ ಹೋಗುತ್ತದೆ ಅಂತ ಬಿಡಿಸಿ ಹೇಳಬೇಕಿಲ್ಲ. ಮರುದಿನ ಬೆಳಿಗ್ಗೆ ಹಳ್ಳದ ದಂಡೆಗೆ, ಶಾಲೆಯ ಹಿಂದೆ ಒಂದು ಸುತ್ತು ಹೋಗಿಬಂದರೆ ಅರ್ಧ ಸಿಗುತ್ತವೆ.

ಹಂತ 7: ಯಾದಿ ಬರೆಯುವ ದಿನ ಹೋಗಿ

ಮದುವೆಗೆ ನಾಲ್ಕು ದಿನ ಇರುವಾಗ ಹೋಗಿ ಪ್ಲಾಸ್ಟಿಕ್ ಬೇಡ ಅಂದರೆ ಉಪಯೋಗವಿಲ್ಲ. ಅಷ್ಟರಲ್ಲಿ ತಟ್ಟೆ, ಲೋಟ ತಂದು ಅಟ್ಟದ ಮೇಲೆ ಇಟ್ಟಾಗಿರುತ್ತದೆ. ಕಿರಾಣಿ ಯಾದಿ ಬರೆಯಲು ಹಿರಿಯರು ಕೂತ ದಿನವೇ ನೀವು ಅಲ್ಲಿರಬೇಕು. ಅಕ್ಕಿ, ಬೆಲ್ಲ, ತೊಗರಿಬೇಳೆ ಆದಮೇಲೆ "ಪೇಪರ್ ಪ್ಲೇಟ್" ಅಂತ ಬರೆಯುವ ಸಾಲಿಗೆ ಪೆನ್ನು ಬಂದಾಗ ಮಾತಾಡಿ. ಎಷ್ಟು ಉಳಿಯುತ್ತದೆ ಅಂತ ದುಡ್ಡಿನ ಲೆಕ್ಕ ಹೇಳಿ. ಪರಿಸರದ ಭಾಷಣಕ್ಕೆ ಅಲ್ಲಿ ವೇಳೆ ಇರೋದಿಲ್ಲ.

ಅಡುಗೆಯವರನ್ನೂ ಶಾಮಿಯಾನದವರನ್ನೂ ಬೇರೆಯಾಗಿ ಕಾಣಿ. ಶಾಮಿಯಾನದವರು ಪಾತ್ರೆ ಬಾಡಿಗೆ ಕೊಡುವವರೇ ಆದರೆ ನಿಮ್ಮನ್ನು ಪೈಪೋಟಿ ಅಂದುಕೊಳ್ಳುತ್ತಾರೆ. ಸಾಗಾಟ ಅವರ ಗಾಡಿಯಲ್ಲಿ ಆಗಲಿ, ಅದಕ್ಕೆ ಬಾಡಿಗೆ ಕೊಡುತ್ತೇವೆ ಅಂದರೆ ಹೆಚ್ಚಿನವರು ಒಪ್ಪುತ್ತಾರೆ.

ಇನ್ನೊಂದು. "ಕಡಿಮೆ ಬಿದ್ರೆ ಇರಲಿ" ಅಂತ ಸ್ಟೋರಿನಲ್ಲಿ ಒಂದು ಕಟ್ಟು ಥರ್ಮಾಕೋಲ್ ತಟ್ಟೆ ಇಟ್ಟಿರುತ್ತಾರೆ. ಆ ಕಟ್ಟು ಇದ್ದರೆ ಅದು ಒಡೆಯುತ್ತದೆ, ಒಡೆದರೆ ಎಲ್ಲರೂ ಅದಕ್ಕೇ ಕೈ ಹಾಕುತ್ತಾರೆ. ಅದರ ಬದಲು ಬಾಳೆ ಎಲೆ ತರಿಸಿಡಿ. ಗಂಗಾವತಿ, ಆನೆಗೊಂದಿ, ಕಂಪ್ಲಿ ಕಡೆ ತೋಟಗಳಿವೆ. ಮುತ್ತುಗದ ಎಲೆಯ ಪತ್ರಾವಳಿ ಆದರೂ ಸರಿ. ಆದರೆ ತಿರುಗಿಸಿ ನೋಡಿ ತನ್ನಿ. ಎಲೆಯ ಕೆಳಗೆ ತೆಳು ಪ್ಲಾಸ್ಟಿಕ್ ಪೊರೆ ಒತ್ತಿ ಮಾರುವುದೂ ಉಂಟು. ಮೂಲೆಯನ್ನು ಸ್ವಲ್ಪ ಹರಿದರೆ ಪೊರೆ ಎದ್ದು ಕಾಣುತ್ತದೆ. ಚಹಾದ ಪೇಪರ್ ಲೋಟವೂ ಅಷ್ಟೇ, ಒಳಗಿನ ಮೈಗೆ ಪ್ಲಾಸ್ಟಿಕ್ ಲೇಪ ಇರುತ್ತದೆ.

ಮದುವೆಯ ದಿನ ತಟ್ಟೆ ವಾಪಸ್ ಇಡುವ ಜಾಗ ಎಲ್ಲಿದೆ ಅನ್ನೋದೇ ಮುಖ್ಯ. ಊಟದ ಸಾಲಿನಿಂದ ಕೈ ತೊಳೆಯೋಕೆ ಹೋಗುವ ದಾರಿಯ ನಡುವೆ ಇರಬೇಕು. ಕೈ ತೊಳೆಯೋ ಜಾಗ ಮೊದಲು ಸಿಕ್ಕರೆ ತಟ್ಟೆ ಅಲ್ಲೇ ನೆಲಕ್ಕೆ ಬೀಳುತ್ತವೆ. ಅನ್ನ ಸುರಿಯಲು ಒಂದು ಬಾನಿ, ತಟ್ಟೆಗೆ ಒಂದು ಟಬ್, ಲೋಟಕ್ಕೆ ಇನ್ನೊಂದು. ಲೋಟವನ್ನು ತಟ್ಟೆಯ ಟಬ್ಬಿಗೆ ಹಾಕಲು ಬಿಡಬೇಡಿ, ಎಣ್ಣೆ ಇಲ್ಲದ ಲೋಟಕ್ಕೂ ಎಣ್ಣೆ ಹತ್ತುತ್ತದೆ, ಕೆಲಸ ಎರಡರಷ್ಟಾಗುತ್ತದೆ. ಅಲ್ಲಿ ನಿಲ್ಲಿಸೋಕೆ ಊರಿನಲ್ಲಿ ಎಲ್ಲರಿಗೂ ಸಲಿಗೆ ಇರುವ, ಬಾಯಿ ಜೋರಿರುವ ಒಬ್ಬ ಕಾಕಾನನ್ನು ಹುಡುಕಿ. "ಏ ತಮ್ಮಾ, ತಾಟು ಇಲ್ಲಿಡೋ" ಅಂತ ಆತ ಕೂಗಿದರೆ ನಾಲ್ಕು ಬೋರ್ಡ್ ಹಾಕಿದ ಹಾಗೆ.

ಹಂತ 8: ತೊಳೆಯುವ ಕ್ರಮ

ಬೇಕಾದ ಸಾಮಾನು: ನಾಲ್ಕು ದೊಡ್ಡ ಟಬ್, ಬಳಿಯಲು ರಬ್ಬರ್ ಪಟ್ಟಿ ಅಥವಾ ತೆಂಗಿನ ನಾರು, ಪಾತ್ರೆ ಸೋಪು, ನೀರು ಕಾಯಿಸಲು ಒಲೆ ಮತ್ತು ಹಂಡೆ, ಉದ್ದನೆಯ ಇಕ್ಕಳ, ಒಣಗಿಸಲು ಜಾಳಿಗೆ ಅಥವಾ ಕಬ್ಬಿಣದ ಸ್ಟ್ಯಾಂಡ್.

ಮೊದಲು ಬಳಿಯಿರಿ. ತಟ್ಟೆಯ ಮೇಲೆ ಅಗುಳೂ ಇರಬಾರದು. ಬಾನಿಗೆ ಬಿದ್ದದ್ದನ್ನು ಎಮ್ಮೆ, ದನಕ್ಕೆ ಹಾಕಬಹುದು, ಆದರೆ ಒಂದೇ ದನಕ್ಕೆ ಬುಟ್ಟಿಗಟ್ಟಲೆ ಅನ್ನ ಹಾಕಬೇಡಿ, ಹೊಟ್ಟೆ ಕೆಟ್ಟು ಸಾಯುವ ಅಪಾಯವಿದೆ. ಹಾಕುವ ಮುಂಚೆ ಪಾಕೀಟಿನ ಚೂರು, ಟೂತ್‌ಪಿಕ್ ಇಲ್ಲ ಅಂತ ಕೈಯಾಡಿಸಿ ನೋಡಿ. ಜಾಸ್ತಿ ಇದ್ದರೆ ಗೊಬ್ಬರದ ಗುಂಡಿಗೆ.

ಆಮೇಲೆ ಮೊದಲ ಟಬ್ಬಿನಲ್ಲಿ ನೆನೆಹಾಕಿ. ಎಣ್ಣೆಗಾಯಿಯ ಎಣ್ಣೆ, ಹುಗ್ಗಿಯ ಬೆಲ್ಲ ಎರಡೂ ಬಿಸಿನೀರಿಗೆ ಸುಲಭವಾಗಿ ಬಿಡುತ್ತವೆ, ತಣ್ಣೀರಿಗೆ ಇಲ್ಲ. ಎರಡನೇ ಟಬ್ಬಿನಲ್ಲಿ ಸೋಪು ಹಾಕಿ ಉಜ್ಜೋದು. ಮೂರನೆಯದರಲ್ಲಿ ಜಾಲಾಡಿಸೋದು. ನಾಲ್ಕನೆಯದು ಕುದಿಯುವ ಬಿಸಿನೀರು, ಇಕ್ಕಳದಲ್ಲಿ ಹಿಡಿದು ಅರ್ಧ ನಿಮಿಷ ಮುಳುಗಿಸಿ ತೆಗೆಯಿರಿ. ಈ ನಾಲ್ಕನೆಯದನ್ನು ಬಿಡುವ ಆಸೆ ಎಲ್ಲರಿಗೂ ಆಗುತ್ತದೆ. ಬಿಟ್ಟರೆ, ಊರಲ್ಲಿ ಯಾರಿಗಾದರೂ ವಾಂತಿಭೇದಿ ಆದ ದಿನ ಹೆಸರು ಬರೋದು ನಿಮ್ಮ ತಟ್ಟೆಗೇ.

ಮೂರನೇ ಟಬ್ಬಿನ ನೀರನ್ನು ಯಾವಾಗ ಬದಲಿಸಬೇಕು? ಬೆರಳು ಅದ್ದಿ ಉಜ್ಜಿ ನೋಡಿ. ಜಾರಿದರೆ ಬದಲಿಸಿ. ಆ ನೀರನ್ನು ಚೆಲ್ಲಬೇಡಿ, ಮೊದಲ ಟಬ್ಬಿಗೆ ಸುರಿಯಿರಿ. ಹೀಗೆ ಹಿಂದಿನ ಟಬ್ಬಿಗೆ ಸಾಗಿಸುತ್ತಾ ಹೋದರೆ ಬೇಸಿಗೆಯಲ್ಲಿ ಬಹಳ ನೀರು ಉಳಿಯುತ್ತದೆ.

ಬಟ್ಟೆಯಿಂದ ಒರೆಸಬೇಡಿ. ಒಂದು ಬಟ್ಟೆಯಲ್ಲಿ 300 ತಟ್ಟೆ ಒರೆಸಿದರೆ ತೊಳೆದದ್ದೆಲ್ಲ ವ್ಯರ್ಥ. ಬಿಸಿನೀರಿನಿಂದ ತೆಗೆದ ತಟ್ಟೆ ನಿಲ್ಲಿಸಿಟ್ಟರೆ ತಾನೇ ಒಣಗುತ್ತದೆ. ರಾತ್ರಿ ತೊಳೆದದ್ದನ್ನು ಬೆಳಿಗ್ಗೆ ಬಿಸಿಲಿಗೆ ಹಾಕಿ. ರಾಯಚೂರು, ಕೊಪ್ಪಳದ ಬಿಸಿಲು ಇಷ್ಟಕ್ಕಾದರೂ ಉಪಯೋಗಕ್ಕೆ ಬರಲಿ. ಒದ್ದೆ ತಟ್ಟೆಯನ್ನು ಚೀಲಕ್ಕೆ ತುಂಬಿದರೆ ವಾಸನೆ ಹಿಡಿಯುತ್ತದೆ, ಆ ವಾಸನೆ ಒಂದು ಮದುವೆಯಲ್ಲಿ ಬಂದರೆ ಮುಂದಿನ ಮೂರು ಮದುವೆ ಕೈತಪ್ಪುತ್ತವೆ.

ನಮ್ಮ ಬೋರ್‌ವೆಲ್ ನೀರು ಗಡಸು. ಕೆಲವು ತಿಂಗಳಿಗೆ ತಟ್ಟೆಯ ಮೇಲೆ ಬಿಳಿ ಪೊರೆ ಕೂರುತ್ತದೆ. ಕೊಳೆ ಅಂದುಕೊಂಡು ಸ್ಟೀಲ್ ನಾರಿನಿಂದ ಕೆರೆಯಬೇಡಿ, ಗೀರು ಬಿದ್ದಲ್ಲಿ ಎಣ್ಣೆ ಕೂರುತ್ತದೆ. ಹುಣಸೆ ಹಣ್ಣಿನ ನೀರಿನಲ್ಲಿ ಸ್ವಲ್ಪ ಹೊತ್ತು ನೆನೆಸಿ ಉಜ್ಜಿದರೆ ಹೋಗುತ್ತದೆ.

ಹಂತ 9: ನೀರಿನ ಪಾಕೀಟು ಮತ್ತು ಅಂಗಡಿಯವರ ಮಾತು

ತಟ್ಟೆ ಸ್ಟೀಲಿನದು, ಪಕ್ಕದಲ್ಲಿ ನೀರಿನ ಪಾಕೀಟು. ಹೀಗೆ ಅರ್ಧಕ್ಕೆ ನಿಂತ ಊರುಗಳು ಬೇಕಾದಷ್ಟಿವೆ. ಊರಿನ ಶುದ್ಧ ಕುಡಿಯುವ ನೀರಿನ ಘಟಕದಿಂದ 20 ಲೀಟರಿನ ಕ್ಯಾನ್‌ಗಳಲ್ಲಿ ತುಂಬಿಸಿ, ನಳ ಇರುವ ಸ್ಟೀಲ್ ಡ್ರಮ್ಮಿಗೆ ಸುರಿದಿಡಿ. ಘಟಕ ಕೆಟ್ಟು ನಿಂತಿಲ್ಲ ಅಂತ ಹಿಂದಿನ ದಿನವೇ ಖಾತ್ರಿ ಮಾಡಿಕೊಳ್ಳಿ. ಡ್ರಮ್ಮಿಗೆ ಮುಚ್ಚಳ ಇರಲಿ, ಲೋಟ ಮುಳುಗಿಸಿ ತೆಗೆಯುವ ಹಾಗಿರಬಾರದು.

ಅಂಗಡಿಯವರು ಮೊದಲು ಹೇಳೋದು "ಇದು ಬ್ಯಾನ್ ಇಲ್ಲದ್ದು" ಅಂತ. ಕರ್ನಾಟಕದ ಆದೇಶ 2016ರ ಮಾರ್ಚ್ 11ರದ್ದು. ಕ್ಯಾರಿಬ್ಯಾಗ್, ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಫ್ಲೆಕ್ಸ್, ಬಂಟಿಂಗ್, ಊಟದ ಟೇಬಲ್ ಮೇಲೆ ಹಾಸುವ ಹಾಳೆ, ಎಲ್ಲವೂ ಅದರಲ್ಲಿವೆ, ಥರ್ಮಾಕೋಲಿನವೂ ಸೇರಿ. ದಪ್ಪ ಎಷ್ಟೇ ಇರಲಿ. ಕೇಂದ್ರದ ನಿಷೇಧ 2022ರ ಜುಲೈ 1ರಿಂದ. ಅದರಲ್ಲಿ ತಟ್ಟೆ, ಲೋಟ, ಚಮಚ, ಸ್ಟ್ರಾ, ಅಲಂಕಾರದ ಥರ್ಮಾಕೋಲ್, ಸಿಹಿ ಡಬ್ಬಿಗೆ ಮತ್ತು ಲಗ್ನಪತ್ರಿಕೆಗೆ ಸುತ್ತುವ ಹಾಳೆ ಸೇರಿವೆ. 120 ಮೈಕ್ರಾನಿಗಿಂತ (ಮೈಕ್ರಾನ್ ಅಂದರೆ ದಪ್ಪದ ಅಳತೆ) ದಪ್ಪ ಇದ್ದರೆ ನಡೆಯುತ್ತದೆ ಅನ್ನೋ ಮಾತು ಕೇಂದ್ರದ ನಿಯಮದಲ್ಲಿ ಕ್ಯಾರಿಬ್ಯಾಗಿಗೆ ಸಂಬಂಧಿಸಿದ್ದು, 2022ರ ಡಿಸೆಂಬರ್ 31ರಿಂದ ಬಂದದ್ದು. ತಟ್ಟೆಗೆ ಆ ವಿನಾಯಿತಿ ಇಲ್ಲ. ಇಷ್ಟು ಗೊತ್ತಿದ್ದರೆ ಸಾಕು, ಅಂಗಡಿ ಮುಂದೆ ಗಲಾಟೆ ಬೇಡ. ಊರಿನ ಅಂಗಡಿಯವರೂ ನಾಳೆ ಮಗಳ ಮದುವೆಗೆ ನಿಮ್ಮ ಹತ್ತಿರವೇ ಬರುವವರು.

ಕೈಗೆ ಸಿಕ್ಕ ಹಳೇ ಪ್ಲಾಸ್ಟಿಕ್ಕನ್ನು ಸುಡಬೇಡಿ. ಒಣಗಿಸಿ ಪಂಚಾಯಿತಿಯ ಕಸದ ಗಾಡಿ ಸ್ವಚ್ಛ ವಾಹಿನಿಗೆ ಕೊಡಿ. ಅನ್ನ ಮೆತ್ತಿದ್ದನ್ನು ಹಾಗೇ ಕೊಟ್ಟರೆ ಅವರೂ ಏನೂ ಮಾಡಲಾಗೋದಿಲ್ಲ.

ಬ್ಯಾಂಕು ಕೆಡುತ್ತಿದೆ ಅನ್ನೋದರ ಗುರುತುಗಳು

ತೊಳೆಯುವ ಪಾಳಿಯಲ್ಲಿ ಸತತವಾಗಿ ಅದೇ ಮೂರು ಹೆಸರು ಕಂಡರೆ ಸರದಿ ಮುರಿದಿದೆ. ಕೂಲಿ ಸಾಲದೇ ಇದೆಯಾ ಅಂತ ಮೊದಲು ಕೇಳಿ.

ಮದುವೆಯ ಮರುದಿನ ಮಧ್ಯಾಹ್ನವಾದರೂ ಕಟ್ಟು ವಾಪಸ್ ಬಂದಿಲ್ಲ ಅಂದರೆ ಕಾಯಬೇಡಿ, ನೀವೇ ಗಾಡಿ ತಗೊಂಡು ಹೋಗಿ. ಒಂದು ದಿನ ತಡವಾದರೆ ಅನ್ನ ಒಣಗಿ ಕಲ್ಲಾಗುತ್ತದೆ, ಎರಡು ದಿನವಾದರೆ ಎಣಿಕೆ ತಪ್ಪುತ್ತದೆ.

ಪುಸ್ತಕದಲ್ಲಿ ಸಹಿ ಒಂದೇ ಕಡೆಯದು ಇರೋದು, "ಆಮೇಲೆ ಕೊಡ್ತೀವಿ" ಅಂತ ಮುಂಗಡ ಬಾಕಿ ಇರೋದು, ಕಟ್ಟು ಯಾರದೋ ಮನೆಯಲ್ಲೇ ಇದ್ದು ಅಲ್ಲಿಂದಲೇ ಇನ್ನೊಂದು ಮನೆಗೆ ಹೋಗೋದು. ಮೂರನೆಯದು ಎಲ್ಲಕ್ಕಿಂತ ಅಪಾಯ. ಪ್ರತಿ ಸಲ ತಟ್ಟೆ ಬ್ಯಾಂಕಿಗೆ ಬಂದು, ಕೋಲು ಹಿಡಿದು ನೋಡಿ, ಆಮೇಲೇ ಮುಂದೆ ಹೋಗಬೇಕು.

ಸಾಹುಕಾರರ ಮನೆ ಮದುವೆಗೆ ಮಾತ್ರ ತಟ್ಟೆ ಹೋಗುತ್ತಿವೆ, ಅಥವಾ ಬಡವರ ಮನೆಗೆ ಮಾತ್ರ ಹೋಗುತ್ತಿವೆ. ಎರಡೂ ಸರಿಯಿಲ್ಲ. ಬಡವರಿಗೆ ಮಾತ್ರ ಅಂತ ಹೆಸರು ಬಂದರೆ ಅವರೂ ಮರ್ಯಾದೆಗೆ ಅಂಜಿ ಪೇಪರ್ ತಟ್ಟೆ ತರುತ್ತಾರೆ. ಇಂಥ ಹೊತ್ತಿನಲ್ಲಿ ಪಂಚಾಯಿತಿ ಅಧ್ಯಕ್ಷರ ಮನೆಯದೋ ಹೆಡ್ ಮಾಸ್ತರರ ಮನೆಯದೋ ಒಂದು ಕಾರ್ಯಕ್ಕೆ ತಟ್ಟೆ ಹೋಗುವ ಹಾಗೆ ನೋಡಿಕೊಳ್ಳಿ.

ಮಳೆಗಾಲ ಶುರುವಾಗಿ ಮದುವೆ ಕಡಿಮೆಯಾದಾಗ ಎಲ್ಲ ಚೀಲ ಬಿಚ್ಚಿ ಒಂದು ಸಲ ಪೂರ್ತಿ ಎಣಿಸಿ. ಸೊಟ್ಟಗಾದವು, ಅಂಚು ಒಡೆದು ಕೈ ಕೊಯ್ಯುವಂಥವು ಪಕ್ಕಕ್ಕಿಡಿ, ಗುಜರಿಗೆ ತೂಕಕ್ಕೆ ಹಾಕಿ. ಬಂದ ದುಡ್ಡನ್ನು ಪುಸ್ತಕದಲ್ಲಿ ಬರೆಯಿರಿ. ದಂಡದ ಹಣ, ಗುಜರಿಯ ಹಣ ಸೇರಿಸಿ ಕಡಿಮೆ ಬಿದ್ದಷ್ಟನ್ನು ಅದೇ ಅಂಗಡಿಯಿಂದ, ಅದೇ ಅಳತೆಯದು ತನ್ನಿ. ಹಳೇ ತಟ್ಟೆಯೊಂದನ್ನು ಜೊತೆಗೆ ಒಯ್ದು, ಅದರ ಮೇಲೆ ಹೊಸದನ್ನು ಕೂರಿಸಿ ನೋಡಿದ ಮೇಲೆಯೇ ದುಡ್ಡು ಕೊಡಿ.